ಸ್ಪ್ಲೆಂಡರ್ ಮೈಲೇಜ್ 65ರಿಂದ 48ಕ್ಕೆ ಇಳಿದಿದೆ, ಬೋರ್ ಮಾಡಿಸಲೇಬೇಕಾ?

ಶಿರಾಗೇಟ್_ಸವಾರ
ಗಾಡಿ 2017ರ ಕೊನೆಯ ಸ್ಪ್ಲೆಂಡರ್ ಪ್ಲಸ್, ಬಿಎಸ್4, ಕಾರ್ಬೊರೇಟರ್ ಇರೋದು. 62 ಸಾವಿರ ಕಿಮೀ ಓಡಿದೆ. ದಿನಾ ತುಮಕೂರು–ಡಾಬಸ್‌ಪೇಟೆ, ಬಹುಪಾಲು ಹೈವೇ. ಮೊದಲು 65 ಕೊಡ್ತಿತ್ತು, ಈಗ 48. ಪಿಕಪ್ಪೂ ಬಿದ್ದಿದೆ. ಗ್ಯಾರೇಜಿನವರು ಒಂದ್ಸಲ ಕಿಕ್ ತುಳಿದು ನೋಡಿ "ಕಂಪ್ರೆಶನ್ ಇಲ್ಲ, ಬೋರ್-ಪಿಸ್ಟನ್ ಕೆಲಸ" ಅಂದ್ರು, ಅಂದ್ರೆ ಸಿಲಿಂಡರ್ ಒಳಗೋಡೆ ಕೊರೆದು ಹೊಸ ಪಿಸ್ಟನ್ ಹಾಕೋದು. ಕಣ್ಣಿಗೆ ಕಾಣೋ ಹಾಗೆ ಹೊಗೆ ಬರ್ತಿಲ್ಲ. ಎಂಜಿನ್ ಬಿಚ್ಚಿಸೋದಾ, ಮಾರಿಬಿಡೋದಾ? ಇಟ್ಕೊಳ್ಳೋದಾದ್ರೆ ಹಿಂದಕ್ಕೆ ದಪ್ಪ ಟೈರ್, ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಹಾಕಿಸೋ ಯೋಚನೆ ಇದೆ.

ಫೀಲರ್_ಗೇಜ್
ಎಂಜಿನ್ ಮುಟ್ಟಿಸಬೇಡಿ, ಈಗಲೇ ಬೇಡ. ಮೈಲೇಜ್ ಕಾಲು ಭಾಗ ಬಿದ್ದಿದೆ, ಹೊಗೆ ಇಲ್ಲ ಅಂದ್ರೆ ಮೊದಲು ಅನುಮಾನ ಪಡಬೇಕಾದ್ದು ಚಕ್ರ, ಚೈನು, ಕ್ಲಚ್ಚು, ಟ್ಯಾಪೆಟ್ಟು (ಎಂಜಿನ್ ವಾಲ್ವಿಗೂ ಅದನ್ನ ತಳ್ಳೋ ತೋಳಿಗೂ ನಡುವಿನ ಸಣ್ಣ ಅಂತರ). ಇವೆಲ್ಲಾ ಪುಕ್ಕಟೆ ಅಥವಾ ಪುಕ್ಕಟೆಗೆ ಹತ್ತಿರ. ಬೋರ್ ಕೊನೆಗೆ.

ಮೊದಲು ಗಾಳಿ. ಮುಂದೆ 25 ಪಿಎಸ್‌ಐ. ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಾದರೆ 40. ಪಂಪಿನ ಹುಡುಗರು ಎರಡಕ್ಕೂ ಒಂದೇ ಹೊಡೆದು ಕಳಿಸ್ತಾರೆ, ಬಾಯಿಬಿಟ್ಟು ಹೇಳಿ ಹೊಡೆಸಿ. ತಣ್ಣಗಿರುವಾಗ ಹೊಡೆಸಿದ್ರೆ ಮಾತ್ರ ಆ ಅಂಕಿ ಸರಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ಲಲ್ಲಿ ಹಿಂದಿನ ಚಕ್ರ ಕೈಯಿಂದ ಜೋರಾಗಿ ತಿರುಗಿಸಿ. ಚೈನು, ಗೇರ್‌ಬಾಕ್ಸಿನ ಎಳೆತ ಇದ್ದೇ ಇರುತ್ತೆ, ಆದ್ರೂ ಒಂದೆರಡು ಸುತ್ತು ಬರಬೇಕು. ತಕ್ಷಣ ನಿಂತ್ರೆ ಬ್ರೇಕ್ ಹಿಡೀತಿದೆ ಅಂತ ಅರ್ಥ.

ಇಷ್ಟು ನೋಡಿ ಬನ್ನಿ, ಟ್ಯಾಪೆಟ್ ಆಮೇಲೆ ಬರೀತೀನಿ.

ಹುಬ್ಬಳ್ಳಿ_ಮಂದಿ
ಫೀಲರ್ ಸಾಹೇಬ್ರು ಹೇಳಿದ್ದು ಖರೆ ಐತಿ. ಒಂದ್ ಮಾತ್ ಸೇರಸ್ತೀನಿ ನೋಡ್ರಿ. ಇತ್ತೀಚೆಗೆ ಚೈನ್ ಬಿಗಿ ಮಾಡ್ಸೀರೇನು? ಚೈನ್ ಬಿಗಿ ಮಾಡಾಕ ಹಿಂದಿನ ಚಕ್ರ ಹಿಂದಕ್ಕ ಎಳೀತಾರ. ಚಕ್ರದ ಜೋಡಿ ಬ್ರೇಕ್ ಪ್ಲೇಟೂ ಹಿಂದಕ್ಕ ಹೋಗತೈತಿ, ಬ್ರೇಕ್ ರಾಡ್ ಮಾತ್ರ ಅಷ್ಟ ಉದ್ದ ಇರತೈತಿ. ಅಂದ್ರ ರಾಡ್ ತಾನ ಎಳಕೊಂಡು ಬ್ರೇಕ್ ಬಿಗಿ ಆಗತೈತಿ. ಚೈನ್ ಮುಟ್ಟಿದ ಮ್ಯಾಲ ರಾಡಿನ ನಟ್ ಸಡ್ಲ ಮಾಡಿ ಪೆಡಲ್ ಆಟ ಮತ್ತ ಹೊಂದಿಸಬೇಕು. 20ರಿಂದ 30 ಮಿಮೀ ಪೆಡಲ್ ಖಾಲಿ ಇಳೀಬೇಕು, ಆಮ್ಯಾಲ ಬ್ರೇಕ್ ಹಿಡೀಬೇಕು. ಅವಸರದಾಗ ಇದನ್ನ ಬಿಟ್ಟಬಿಡ್ತಾರ. ಗಾಡಿ ಇಡೀ ದಿನ ಬ್ರೇಕ್ ಹಾಕ್ಕೊಂಡ ಓಡತೈತಿ, ಮಾಲಕ ಪೆಟ್ರೋಲ್ ಬೈಕೋತ ಕುಂದರ್ತಾನ.

ಇನ್ನೊಂದ್ ಗುರ್ತು: ಹತ್ತು ಕಿಮೀ ಓಡ್ಸಿ ನಿಲ್ಸಿ, ಎರಡೂ ಹಬ್ ಮುಟ್ಟಿ ನೋಡ್ರಿ. ಒಂದು ಬಿಸಿ, ಒಂದು ತಣ್ಣಗ ಇದ್ರ ಬಿಸಿದ್ದು ಹಿಡಿಯಾಕತ್ತೈತಿ. ಹುಷಾರ್, ಕೈ ಸುಡಬಹುದು, ದೂರದಿಂದ ಶಾಖ ನೋಡ್ರಿ ಮೊದಲ.

ನೈಸ್_ರೋಡ್
ಇಷ್ಟೆಲ್ಲಾ ಯಾಕೆ ಗುರು, ಎಥನಾಲ್ ಪೆಟ್ರೋಲ್ ಬಂದ್ಮೇಲೆ ಎಲ್ಲರ ಗಾಡಿದೂ ಇದೇ ಕಥೆ. ನಿಮ್ಮ ಬೈಕ್ ಸರಿಯಾಗೇ ಇದೆ.

ಪೆಟ್ರೋಲ್_ಲೆಕ್ಕ
@ನೈಸ್_ರೋಡ್ ಲೆಕ್ಕ ಹಾಕಿ ಹೇಳಿ ಸಾರ್. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ. ಇ20ರಲ್ಲಿ ಎಥನಾಲ್ ಇರೋದು 20%. ಅಂದ್ರೆ ಶುದ್ಧ ಪೆಟ್ರೋಲಿಗೆ ಹೋಲಿಸಿದ್ರೂ ಲೀಟರಿಗೆ 6–7% ಶಕ್ತಿ ಕಮ್ಮಿ. 65 ಕೊಡೋ ಗಾಡಿ 61ಕ್ಕೆ ಇಳಿಯಬಹುದು. 48ಕ್ಕೆ ಇಳಿದಿದೆ ಅಂದ್ರೆ ಕುಸಿತ 26%. ಮಿಕ್ಕಿದ್ದು ಎಲ್ಲಿಗೆ ಹೋಯ್ತು? ಎಲ್ಲವನ್ನೂ ಎಥನಾಲ್ ತಲೆಗೆ ಕಟ್ಟಿ ಕೂತ್ರೆ ನಿಜವಾದ ತೊಂದರೆ ಬೆಳೀತಾ ಹೋಗುತ್ತೆ.

ಹಳೇ ಗಾಡಿಯವರು ನೋಡಬೇಕಾದ್ದು ಬೇರೆ ಇದೆ. ಇ20 ತಡೆದುಕೊಳ್ಳೋ ರಬ್ಬರು, ಸೀಲುಗಳು 2023ರ ಏಪ್ರಿಲ್‌ನಿಂದೀಚೆಗಿನ ಗಾಡಿಗಳ ಮಾತು. 2017ರದ್ದರಲ್ಲಿ ಪೆಟ್ರೋಲ್ ಪೈಪು, ಕಾರ್ಬೊರೇಟರ್ ಫ್ಲೋಟ್ ಬೌಲಿನ (ಪೆಟ್ರೋಲ್ ನಿಲ್ಲೋ ಬಟ್ಟಲಿನ) ರಬ್ಬರ್ ರಿಂಗು, ಬೌಲಿಗೆ ಬರೋ ಪೆಟ್ರೋಲ್ ತಡೆಯೋ ಫ್ಲೋಟ್ ನೀಡಲ್ಲಿನ ತುದಿ, ಈ ಮೂರನ್ನ ನೋಡ್ತಾ ಇರಿ. ಪೈಪ್ ಹಿಚುಕಿದ್ರೆ ಮೆತ್ತಗೆ ಅಂಟಂಟಾಗಿದ್ರೆ ಅಥವಾ ಬಿರುಕು ಕಂಡ್ರೆ ಬದಲಿಸಿ, ಅದು ಬಹಳ ಅಗ್ಗದ ಸಾಮಾನು. ನೀಡಲ್ ತುದಿ ಊದಿಕೊಂಡ್ರೆ ಅಥವಾ ಸವೆದು ಗೆರೆ ಬಿದ್ದರೆ ಬೌಲ್ ತುಂಬಿ ಓವರ್‌ಫ್ಲೋ ಪೈಪಿಂದ ಪೆಟ್ರೋಲ್ ತೊಟ್ಟಿಕ್ಕುತ್ತೆ. ಆಗ ಹೋಗೋ ಮೈಲೇಜು ಯಾವ ಲೆಕ್ಕಕ್ಕೂ ಸಿಗಲ್ಲ.

ಅಂದಹಾಗೆ 48 ಅಂತ ಅಳೆದಿದ್ದು ಹೇಗೆ? ನೂರು ರೂಪಾಯಿ ಹಾಕ್ಸಿ ಎಲ್ಲಿವರೆಗೆ ಬಂತು ಅಂತ ನೋಡೋದು ಅಳತೆಯಲ್ಲ. ಗಾಡಿ ಓಡ್ತಾ ಮೇನ್ ಮುಗಿದು ರಿಸರ್ವಿಗೆ ಬಂದ ಕಡೆ ಓಡೋಮೀಟರ್ ಬರೆದುಕೊಳ್ಳಿ. ಮೂರು ಲೀಟರ್ ಹಾಕಿಸಿ, ಪೆಟ್ರೋಲ್ ಕಾಕ್ ಮತ್ತೆ ಮೇನಿಗೆ ತಿರುಗಿಸಿ ಓಡಿಸಿ. ಮತ್ತೆ ರಿಸರ್ವಿಗೆ ಬಂದಾಗಿನ ಓದು ಬರೆದು, ವ್ಯತ್ಯಾಸಾನ ಹಾಕಿಸಿದ ಲೀಟರಿಂದ ಭಾಗಿಸಿ.

ನೈಸ್_ರೋಡ್
ಸರಿ, 6–7% ಒಪ್ಪಿದೆ. ಆದ್ರೆ ಕಾರ್ಬೊರೇಟರ್ ಗಾಡಿಗೆ ಇ20ಯಲ್ಲಿ ಮಿಕ್ಸ್ಚರ್ ಲೀನ್ ಆಗುತ್ತಲ್ಲ (ಗಾಳಿ ಜಾಸ್ತಿ, ಇಂಧನ ಕಮ್ಮಿ), ಇಂಜೆಕ್ಷನ್ ಥರ ತಾನೇ ಸರಿಮಾಡಿಕೊಳ್ಳಲ್ಲ. ಪಿಕಪ್ ಬಿದ್ದಿರೋದು ಅದಕ್ಕೂ ಇರಬಹುದು.

ಪೆಟ್ರೋಲ್_ಲೆಕ್ಕ
ಹೌದು, ಆ ಮಾತು ಸರಿ. ಪ್ಲಗ್ ತೆಗೆದು ಬಣ್ಣ ನೋಡಿದ್ರೆ ಗೊತ್ತಾಗುತ್ತೆ. ತಿಳಿ ಕಂದು ಇದ್ರೆ ಚೆನ್ನಾಗಿದೆ. ಬೆಳ್ಳಗಿದ್ರೆ ಲೀನು. ಒಣ ಮಸಿ ಇದ್ರೆ ಪೆಟ್ರೋಲ್ ಜಾಸ್ತಿ: ಏರ್ ಫಿಲ್ಟರ್ ಕಟ್ಟಿದೆ ಅಥವಾ ಚೋಕ್ ಪೂರ್ತಿ ವಾಪಸ್ ಬರ್ತಿಲ್ಲ. ಎಣ್ಣೆಯಿಂದ ಒದ್ದೆಯಾಗಿ ಕರಿ ಇದ್ರೆ ಆಗ ಪಿಸ್ಟನ್ ರಿಂಗು, ವಾಲ್ವ್ ಸೀಲಿನ ಮಾತು, ಎಂಜಿನ್ ಆಯಿಲ್ ಒಳಗೆ ಬಂದು ಸುಡ್ತಿದೆ. ಐಡ್ಲಿಂಗಲ್ಲಿ ನಿಲ್ಲಿಸಿ ತೆಗೆದ ಪ್ಲಗ್ ಸುಳ್ಳು ಹೇಳುತ್ತೆ, ಹೈವೇಯಲ್ಲಿ ಓಡಿಸಿ ತಕ್ಷಣ ಆಫ್ ಮಾಡಿ ತಣ್ಣಗಾದ ಮೇಲೆ ತೆಗೀಬೇಕು.

ಕಡಲ_ಬದಿ
ಏರ್ ಫಿಲ್ಟರ್ ಎಣ್ಣೆ ಸವರಿದ ಪೇಪರಿನದ್ದು ಉಂಟಲ್ಲ, ಅದನ್ನು ಗಾಳಿ ಹೊಡೆದು ಕ್ಲೀನ್ ಮಾಡುವುದು, ಪೆಟ್ರೋಲಿನಲ್ಲಿ ತೊಳೆಯುವುದು ಎಲ್ಲ ಮಾಡ್ಲಿಕ್ಕೆ ಹೋಗಬೇಡಿ ಮಾರಾಯ್ರೇ. ಗಾಳಿ ಹೊಡೆದರೆ ಪೇಪರ್ ತೂತಾಗ್ತದೆ, ಧೂಳು ಸೀದಾ ಬೋರಿಗೆ. 12–15 ಸಾವಿರ ಕಿಮೀಗೆ ಹೊಸದು ಹಾಕುವುದು, ಮಣ್ಣಿನ ರಸ್ತೆಯಾದರೆ ಅದಕ್ಕೂ ಮೊದಲೇ. ಹಳೆಯ ಮಾಡೆಲುಗಳ ಸ್ಪಂಜಿನದ್ದು ಮಾತ್ರ ತೊಳೆದು, ಹಿಂಡಿ, ಎಣ್ಣೆ ಹಾಕಿ ಮತ್ತೆ ಕೂರಿಸ್ಲಿಕ್ಕೆ ಆಗ್ತದೆ.

ಮತ್ತೆ ನಮ್ಮ ಕಡೆ ಮಳೆಗಾಲದಲ್ಲಿ ನಿಲ್ಲಿಸಿಟ್ಟ ಗಾಡಿಗೆ ಟ್ಯಾಂಕ್ ಅರ್ಧ ಬಿಡುವುದು ಬೇಡ. ಎಥನಾಲ್ ನೀರು ಹೀರ್ತದೆ, ಜಾಸ್ತಿಯಾದರೆ ಎಥನಾಲೂ ನೀರೂ ಸೇರಿ ಅಡಿಗೆ ಇಳೀತದೆ. ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಫ್ಲೋಟ್ ಬೌಲಿನ ಅಡಿಯ ಡ್ರೈನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟ್ಲಿಗೆ ಸ್ವಲ್ಪ ಬಿಟ್ಟು ನೋಡಿ, ನೀರಿದ್ದರೆ ಬೇರೆ ಪದರವಾಗಿ ಕೆಳಗೆ ಕಾಣ್ತದೆ.

ಫೀಲರ್_ಗೇಜ್
ಈಗ ಟ್ಯಾಪೆಟ್. ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಯಾಕಂದ್ರೆ "ಕಂಪ್ರೆಶನ್ ಇಲ್ಲ" ಅನ್ನೋ ತೀರ್ಪಿನ ಹಿಂದೆ ಎಷ್ಟೋ ಸಲ ಇರೋದು ಇದೇ.

ಟ್ಯಾಪೆಟ್ ಸದ್ದು ಬಂದ್ರೆ ಕೆಟ್ಟದ್ದು, ಬರದಿದ್ರೆ ಒಳ್ಳೇದು ಅಂತ ಎಲ್ಲರೂ ನಂಬ್ತಾರೆ. ಗಿರಾಕಿ ಸದ್ದು ಅಂತ ದೂರಿದ್ರೆ ಗ್ಯಾರೇಜಲ್ಲಿ ಬಿಗಿ ಮಾಡಿ ಕಳಿಸ್ತಾರೆ. ಅಂತರ ಇಲ್ಲದಷ್ಟು ಬಿಗಿಯಾದ್ರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚಲ್ಲ. ಕಂಪ್ರೆಶನ್ ಅಲ್ಲಿಂದಲೇ ಸೋರುತ್ತೆ, ಪಿಕಪ್ ಹೋಗುತ್ತೆ, ಮೈಲೇಜ್ ಹೋಗುತ್ತೆ, ಎಕ್ಸಾಸ್ಟ್ ವಾಲ್ವಾದ್ರೆ ಸುಟ್ಟೇ ಹೋಗುತ್ತೆ. ಸ್ವಲ್ಪ ಟಿಕ್‌ಟಿಕ್ ಅನ್ನೋ ಎಂಜಿನ್ ಸದ್ದೇ ಇಲ್ಲದ ಎಂಜಿನ್‌ಗಿಂತ ಆರೋಗ್ಯವಾಗಿರುತ್ತೆ.

ನೋಡೋ ಕ್ರಮ: ಎಂಜಿನ್ ರಾತ್ರಿಯಿಡೀ ನಿಂತು ತಣ್ಣಗಿರಬೇಕು. ಪ್ಲಗ್ ತೆಗೀರಿ. ಹೆಡ್ಡಿನ ಮೇಲೂ ಕೆಳಗೂ ಇರೋ ಟ್ಯಾಪೆಟ್ ಕ್ಯಾಪ್ ಎರಡನ್ನೂ ಬಿಚ್ಚಿ. ಎಡಗಡೆ ಮ್ಯಾಗ್ನೆಟ್ (ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡೋ ಭಾಗ) ಕವರಿನ ಎರಡು ಮುಚ್ಚಳ ತೆಗೆದ್ರೆ ನಡುವಿನ ತೂತಲ್ಲಿ ಬೋಲ್ಟು, ಮೇಲಿನ ತೂತಲ್ಲಿ ಗುರುತು ಕಾಣುತ್ತೆ. ಬಾಕ್ಸ್ ಸ್ಪ್ಯಾನರ್ ಹಾಕಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸ್ತಾ 'ಟಿ' ಗುರುತನ್ನ ಕವರಿನ ಗುರುತಿಗೆ ತಂದು ನಿಲ್ಲಿಸಿ. ಎರಡೂ ರಾಕರ್ (ವಾಲ್ವ್ ತಳ್ಳೋ ತೋಳು) ಬೆರಳಲ್ಲಿ ಅಲುಗಾಡಿದ್ರೆ ಸರಿ. ಅಲುಗದಿದ್ರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ 'ಟಿ'ಗೆ ತನ್ನಿ. ಆಗಲೂ ಒಂದು ರಾಕರ್ ಅಲುಗಲೇ ಇಲ್ಲ ಅಂದ್ರೆ ಆ ಕಡೆ ಟ್ಯಾಪೆಟ್ ಬಿಗಿಯಾಗಿದೆ.

ಈ ಗಾತ್ರದ ಎಂಜಿನ್‌ಗಳಲ್ಲಿ ಅಂತರ 0.05ರಿಂದ 0.10 ಮಿಮೀ ನಡುವೆ ಇರುತ್ತೆ, ನಿಮ್ಮ ಮಾಡೆಲ್ಲಿನ ನಿಖರ ಅಂಕಿ ಸರ್ವಿಸ್ ಪುಸ್ತಕದಿಂದ ತಗೊಳ್ಳಿ. ಫೀಲರ್ ಬ್ಲೇಡ್ (ಅಂತರ ಅಳೆಯೋ ತೆಳು ತಗಡು) ಒಳಗೆ ಹೋಗಿ, ಎಳೆದಾಗ ಸ್ವಲ್ಪ ತಡೆದು ಹೊರಬರಬೇಕು. ಲಾಕ್‌ನಟ್ ಬಿಗಿ ಮಾಡುವಾಗ ಅಡ್ಜಸ್ಟರೂ ಜೊತೆಗೆ ತಿರುಗಿ ಅಂತರ ಬದಲಾಗುತ್ತೆ. ಅದಕ್ಕೇ ಅಡ್ಜಸ್ಟರ್ ಹಿಡಿದುಕೊಂಡೇ ನಟ್ ಬಿಗಿಮಾಡಿ, ಆಮೇಲೆ ಬ್ಲೇಡ್ ಹಾಕಿ ಮತ್ತೊಮ್ಮೆ ನೋಡಿ. ಬ್ಲೇಡ್ ಇಲ್ಲದೆ ಅಂದಾಜಲ್ಲಿ ಮಾಡೋರ ಕೈಗೆ ಗಾಡಿ ಕೊಡಬೇಡಿ, ಅವರು ಎಷ್ಟೇ ಹಳಬರಾಗಿರಲಿ.

ಕ್ಲಚ್_ಕೇಬಲ್
ಕ್ಲಚ್ ಲಿವರ್ ತುದಿಯಲ್ಲಿ 10–15 ಮಿಮೀ ಆಟ ಇದೆಯಾ ನೋಡಿ. ಇಲ್ಲದಿದ್ರೆ ಕ್ಲಚ್ ಅರ್ಧ ಹಿಡಿದಂತೆಯೇ ಇರುತ್ತೆ. ಟಾಪ್ ಗೇರಲ್ಲಿ ಏರಿನಲ್ಲಿ ಎಕ್ಸಿಲೇಟರ್ ಕೊಟ್ಟಾಗ ಎಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ರೆ ಪ್ಲೇಟ್ ಜಾರ್ತಿದೆ.

ಮೈಸೂರ್_ಟಾಪ್‌ಗೇರ್
ಕ್ಲಚ್ ಜಾರೋದಕ್ಕೆ ತಪ್ಪು ಆಯಿಲೂ ಕಾರಣ. ಇವುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. 10ಡಬ್ಲ್ಯು30, ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 (ಬೈಕ್ ಕ್ಲಚ್ಚಿಗೆ ಒಗ್ಗೋ ಆಯಿಲಿನ ಗುರುತು) ಇರಲೇಬೇಕು. ಎಂಬಿ ಅಂತಿದ್ರೆ ಅದು ಸ್ಕೂಟರಿಂದು. ಕಾರಿನ ದುಬಾರಿ ಸಿಂಥೆಟಿಕ್ ಹಾಕಿದ್ರೆ ಅದರಲ್ಲಿರೋ ಜಾರಿಕೆ ಪದಾರ್ಥ ಕ್ಲಚ್ ಪ್ಲೇಟನ್ನೇ ಜಾರಿಸುತ್ತೆ. 900 ಮಿಲಿ ಬಾಟಲ್ ತಂದು ಪೂರ್ತಿ ಸುರಿಬೇಡಿ. ಬರೀ ಡ್ರೈನ್ ಮಾಡಿದಾಗ ಒಳಗೆ ಒಂದಿಷ್ಟು ಉಳಿದಿರುತ್ತೆ. 700 ಮಿಲಿ ಹಾಕಿ, ಎರಡು ನಿಮಿಷ ಓಡಿಸಿ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸೆಂಟರ್ ಸ್ಟ್ಯಾಂಡಲ್ಲಿ ಡಿಪ್‌ಸ್ಟಿಕ್ ನೋಡಿ ಮಿಕ್ಕಿದ್ದು ಹಾಕಿ. ಡಿಪ್‌ಸ್ಟಿಕ್ ತಿರುಪಬಾರದು, ಸುಮ್ಮನೆ ಇಳಿಬಿಟ್ಟು ನೋಡೋದು. ಬದಲಿಸೋದು 3000ಕ್ಕೆ.

ಪೆಟ್ರೋಲ್_ಲೆಕ್ಕ
ಕಂಪನಿ 6000 ಅನ್ನುತ್ತೆ, 3000ಕ್ಕೆ ಟಾಪ್‌ಅಪ್ ಅಷ್ಟೇ. ಒಳ್ಳೇ ಆಯಿಲನ್ನ ಅರ್ಧದಲ್ಲೇ ಚೆಲ್ಲೋದು ಯಾಕೆ?

ಮೈಸೂರ್_ಟಾಪ್‌ಗೇರ್
ಈ ಎಂಜಿನ್‌ನಲ್ಲಿ ಕಾರಿನ ಹಾಗೆ ಪೇಪರ್ ಆಯಿಲ್ ಫಿಲ್ಟರ್ ಇಲ್ಲ. ಒಂದು ಜಾಲರಿ, ಕ್ರ್ಯಾಂಕ್ ಜೊತೆ ತಿರುಗುತ್ತಾ ಕೊಳೆಯನ್ನ ಅಂಚಿಗೆ ಎಸೆಯೋ ಒಂದು ಸೆಂಟ್ರಿಫ್ಯೂಗಲ್ ಬಟ್ಟಲು, ಅಷ್ಟೇ. ಸಿಟಿಯಲ್ಲಿ ನಿಂತು ನಿಂತು ಓಡೋ ಗಾಡಿಗೆ 6000 ಜಾಸ್ತಿ ಆಯ್ತು ಅನ್ನೋದು ನನ್ನ ವಾದ. ಹೈವೇ ಗಾಡಿಗೆ, ಮಟ್ಟ ಬೀಳದಂತೆ ನೋಡಿಕೊಂಡ್ರೆ, 6000 ಓಡಿಸಿ, ಜಗಳ ಇಲ್ಲ. ಆದ್ರೆ ಬಲಗಡೆ ಕವರ್ ಬಿಚ್ಚಿ ಆ ಬಟ್ಟಲು ಕ್ಲೀನ್ ಮಾಡಿದ್ದು ಯಾವಾಗ ಅಂತ ಕೇಳಿ ನೋಡಿ, ಬಹುತೇಕ ಗಾಡಿಗಳಲ್ಲಿ ಒಂದ್ಸಲವೂ ಇಲ್ಲ. ಒಳಗೆ ಕರಿ ಗ್ರೀಸಿನ ಥರ ಗಟ್ಟಿಯಾಗಿ ಮೆತ್ತಿಕೊಂಡಿರುತ್ತೆ. ಕ್ಲಚ್ ಪ್ಲೇಟ್ ನೋಡೋಕೆ ಆ ಕವರ್ ಬಿಚ್ಚಿದಾಗಲೇ ಇದನ್ನೂ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿಸಿ.

ರೀಬೋರ್_ರಾಜಾಜಿನಗರ
ಎಲ್ಲರೂ ಬೋರ್ ಬೇಡ ಬೇಡ ಅಂತಿದ್ದೀರ. 62 ಸಾವಿರಕ್ಕೆ ರಿಂಗ್ ಸವೆದಿರೋದು ಸಹಜ. ಪ್ಲಗ್ ತೂತಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಕಂಪ್ರೆಶನ್ ನೋಡಿ. ಏರಿದ್ರೆ ರಿಂಗ್, ಏರದಿದ್ರೆ ವಾಲ್ವ್. ಎರಡು ನಿಮಿಷದ ಕೆಲಸ.

ಫೀಲರ್_ಗೇಜ್
@ರೀಬೋರ್_ರಾಜಾಜಿನಗರ ನೆಟ್ಟಗೆ ನಿಂತ ಸಿಲಿಂಡರಿಗೆ ಆ ಪರೀಕ್ಷೆ ಸರಿ. ಸ್ಪ್ಲೆಂಡರ್ ಸಿಲಿಂಡರ್ ಮುಂದಕ್ಕೆ ಹೆಚ್ಚುಕಮ್ಮಿ ಮಲಗಿದೆ. ಬಿಟ್ಟ ಎಣ್ಣೆ ಕೆಳಗಿನ ಗೋಡೆಗೆ ಹೋಗಿ ಕೂರುತ್ತೆ, ರಿಂಗಿನ ಮೇಲ್ಭಾಗ ಒಣಗೇ ಇರುತ್ತೆ. ಫಲಿತಾಂಶ ನಂಬೋಹಾಗಿಲ್ಲ. ಗೇಜ್ ಹಾಕಿ ಒಣ ಕಂಪ್ರೆಶನ್ ನೋಡೋದು ವಾಸಿ, ಎಕ್ಸಿಲೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರೋದು ನಿಲ್ಲೋವರೆಗೆ ಕಿಕ್ ಹೊಡೀಬೇಕು. ಅದೂ ಟ್ಯಾಪೆಟ್ ಸರಿಮಾಡಿದ ಮೇಲೆ.

ಹೊಗೆಯೂ ಸುಳಿವು ಕೊಡುತ್ತೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದು ಬುಸ್ ಅಂತ ನೀಲಿ ಹೊಗೆ ಬಂದು ನಿಂತ್ರೆ ವಾಲ್ವ್ ಸೀಲ್. ಎಕ್ಸಿಲೇಟರ್ ಕೊಟ್ಟಷ್ಟೂ ನೀಲಿ ಹೊಗೆ ಬರ್ತಾನೇ ಇದ್ರೆ ರಿಂಗ್.

ರೀಬೋರ್_ರಾಜಾಜಿನಗರ
ಸಿಲಿಂಡರ್ ಮಲಗಿರೋ ಮಾತು ಒಪ್ಪಿದೆ. ಹಾಗಾದ್ರೆ ಬಿಚ್ಚೋ ದಿನ ಬಂದ್ರೆ ಏನು ಕೇಳಬೇಕು ಅಂತ ಬರೀತೀನಿ, ಯಾರಿಗಾದ್ರೂ ಬೇಕಾಗುತ್ತೆ.

ಸ್ಟ್ಯಾಂಡರ್ಡ್ ಬೋರ್ 50 ಮಿಮೀ. ಲೇತ್ ಅಂಗಡಿಯಲ್ಲಿ ಬೋರ್ ಗೇಜಿಂದ ಮೇಲೆ, ನಡುವೆ, ಕೆಳಗೆ, ಮೂರೂ ಕಡೆ ಅಡ್ಡ-ಉದ್ದ ಅಳೆಸಿ, ಅಂಕಿ ಬರೆಸಿಕೊಳ್ಳಿ. ರಿಂಗನ್ನ ಸಿಲಿಂಡರೊಳಗೆ ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ ಬಾಯಿ ಅಂತರ ಫೀಲರಲ್ಲಿ ನೋಡಿ. ಅರ್ಧ ಮಿಮೀ ದಾಟಿದ್ರೆ ರಿಂಗ್ ಮುಗೀತು. ಬೋರ್ ಅಳತೆ ಚೆನ್ನಾಗಿದ್ರೆ ರಿಂಗ್ ಸೆಟ್ ಒಂದೇ ಸಾಕು. ಆದ್ರೆ ಗೋಡೆ ಕನ್ನಡಿಯಂತೆ ಹೊಳೀತಿದ್ರೆ ಹೋನಿಂಗ್ (ಗೋಡೆಗೆ ಸಣ್ಣ ಗೀರು ಹಾಕೋದು) ಮಾಡಿಸಲೇಬೇಕು, ಇಲ್ಲಾಂದ್ರೆ ಹೊಸ ರಿಂಗ್ ಕೂರಲ್ಲ, ಹೊಗೆ ಹಾಗೇ ಉಳಿಯುತ್ತೆ. ಬೋರ್ ಸವೆದಿದ್ರೆ 0.25 ಓವರ್‌ಸೈಜ್, ಅಂದ್ರೆ ಅಷ್ಟು ಮಿಮೀ ದೊಡ್ಡ ಪಿಸ್ಟನ್. ಒಂದೇ ಸಲಕ್ಕೆ 0.50, 0.75ಕ್ಕೆ ಹಾರಿಸಿದ್ರೆ ಮುಂದಿನ ಸಲಕ್ಕೆ ಲೋಹ ಉಳಿಯಲ್ಲ. ಪಿಸ್ಟನ್ ಮೊದಲು ಕೊಂಡು ಅದನ್ನ ಲೇತಿಗೆ ಕೊಟ್ಟು, ಅದರ ಅಳತೆಗೆ ಬೋರ್ ಮಾಡಿಸಬೇಕು. ಕೆಲವರು ಬೋರ್ ಮೊದಲು ಮಾಡಿ ಪಿಸ್ಟನ್ ಆಮೇಲೆ ಹುಡುಕ್ತಾರೆ, ಅದು ತಲೆಕೆಳಗು.

ಕೂರಿಸುವಾಗ ರಿಂಗಿನ ಅಕ್ಷರ ಇರೋ ಮುಖ ಪಿಸ್ಟನ್ ತಲೆ ಕಡೆಗೆ, ರಿಂಗ್ ಬಾಯಿಗಳು 120 ಡಿಗ್ರಿ ದೂರ ದೂರ. ಹೆಡ್ ಬಿಚ್ಚಿದ ಮೇಲೆ ವಾಲ್ವ್ ಗ್ರೈಂಡಿಂಗ್, ಹೊಸ ವಾಲ್ವ್ ಸೀಲ್ ಸೇರಿಸಿಯೇ ಮಾಡಿಸಿ. ಪೋರ್ಟಿಗೆ ಸ್ವಲ್ಪ ಸೀಮೆಎಣ್ಣೆ ಸುರಿದು ವಾಲ್ವ್ ಅಂಚಲ್ಲಿ ಒಸರುತ್ತಾ ನೋಡಿದ್ರೆ ಕೆಲಸ ಗೊತ್ತಾಗುತ್ತೆ. ಆಮೇಲಿನ 500 ಕಿಮೀ ಒಂದೇ ವೇಗದಲ್ಲಿ ಎಳೀಬಾರದು, ಏರಿಳಿಸ್ತಾ ಓಡಿಸಿ ಆಯಿಲ್ ಬದಲಿಸಿ.

ಹುಬ್ಬಳ್ಳಿ_ಮಂದಿ
ಭಾರಿ ಬರದೀರಿ ಅಣ್ಣಾರ. ಇದನ್ನ ಎಲ್ಲಾರೂ ಉಳಿಸಿಟ್ಕೊಳ್ರಿ.

ಟ್ಯೂಬ್‌ಲೆಸ್_ದಾವಣಗೆರೆ
ಟೈರ್ ವಿಷಯ ಯಾರೂ ಹೇಳ್ಲಿಲ್ಲ. 2.75-18 ಬದಲು ಹಿಂದಕ್ಕೆ 3.00-18 ಹಾಕಬಹುದು, ಅದಕ್ಕಿಂತ ಮುಂದೆ ಹೋಗಬೇಡಿ. 100/90-18 ಹಾಕಿದ್ರೆ ಆ ಸಣ್ಣ ರಿಮ್ ಟೈರಿನ ಎರಡೂ ಬದಿಯನ್ನ ಒಳಕ್ಕೆ ಹಿಂಡುತ್ತೆ. ಮೇಲ್ಮೈ ಗುಂಡಗಾಗಿ ರಸ್ತೆಗೆ ತಾಗೋ ಜಾಗ ನೀವು ಅಂದುಕೊಂಡಷ್ಟು ಹೆಚ್ಚಲ್ಲ, ಭಾರ ಮಾತ್ರ ಹೆಚ್ಚುತ್ತೆ, ಚೈನ್ ಕವರಿಗೂ ಉಜ್ಜಬಹುದು. ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದ್ದು, ಹಾಗಾಗಿ ಹಿಂದಿನ ಟೈರ್ ಬದಲಿಸಿದ್ರೆ ಓಡೋಮೀಟರ್ ತಪ್ಪಲ್ಲ. ಮುಂದಿನದ್ದರ ಅಳತೆ ಬದಲಿಸಿದ್ರೆ ಮೈಲೇಜ್ ಲೆಕ್ಕವೇ ತಪ್ಪುತ್ತೆ.

ನೈಸ್_ರೋಡ್
ಹೈವೇ ಜಾಸ್ತಿ ಅಂದ್ರೆ ಮುಂದಿನ ಸ್ಪ್ರಾಕೆಟಿಗೆ ಒಂದು ಹಲ್ಲು ಜಾಸ್ತಿ ಹಾಕಿಸಿ, ಅದೇ ಸ್ಪೀಡಿಗೆ ಎಂಜಿನ್ ಕಮ್ಮಿ ತಿರುಗುತ್ತೆ.

ಕ್ಲಚ್_ಕೇಬಲ್
14 ಇದ್ದಲ್ಲಿ 15 ಹಾಕಿದ್ರೆ 7% ಕಮ್ಮಿ ತಿರುಗುತ್ತೆ, ನಿಜ. ಆದ್ರೆ 8 ಎಚ್‌ಪಿ ಎಂಜಿನ್. ಎದುರುಗಾಳಿ, ಫ್ಲೈಓವರ್ ಏರು ಬಂದಾಗಲೆಲ್ಲಾ ಥರ್ಡಿಗೆ ಇಳಿಸಬೇಕಾಗುತ್ತೆ, ಉಳಿಸಿದ್ದು ಅಲ್ಲೇ ಹೋಗುತ್ತೆ. ಚೈನ್ ಸೆಟ್ ಸವೆದಿದ್ರೆ ಅದೇ ಹಲ್ಲಿನದ್ದು ಪೂರ್ತಿ ಸೆಟ್ ಹಾಕಿಸಿ, ಬರೀ ಚೈನ್ ಬೇಡ. ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡೋ ದಿಕ್ಕಿಗಿರಬೇಕು.

ವೈರಿಂಗ್_ಶಿವಮೊಗ್ಗ
ಎಲ್‌ಇಡಿ ಬಲ್ಬು: ಐಡ್ಲಿಂಗಲ್ಲಿ ಹೆಡ್‌ಲೈಟ್ ಮಂಕಾಗಿ ಎಕ್ಸಿಲೇಟರ್ ಕೊಟ್ಟಾಗ ಬೆಳಗಿದ್ರೆ ನಿಮ್ಮದು ಎಸಿ ಲೈನು, ಮ್ಯಾಗ್ನೆಟಿಂದ ಸೀದಾ ಬರೋದು. ಅದಕ್ಕೆ ಸಾಮಾನ್ಯ ಎಲ್‌ಇಡಿ ಹಾಕಿದ್ರೆ ಮಿಣುಕುತ್ತೆ, ಬೇಗ ಸಾಯುತ್ತೆ. ಡಿಸಿ ಮಾಡೋಕೆ ಮ್ಯಾಗ್ನೆಟ್ ಕಾಯಿಲಿನ ಅರ್ತ್ ಬಿಡಿಸಿ ಫುಲ್‌ವೇವ್ ರೆಗ್ಯುಲೇಟರ್ ಹಾಕಬೇಕು, ಬಲ್ಬಿನಷ್ಟು ಸುಲಭ ಅಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೆಳಕಿನದ್ದು. ನಿಮ್ಮ ರಿಫ್ಲೆಕ್ಟರ್ ಮಾಡಿರೋದು 35/35 ವ್ಯಾಟ್ ಹ್ಯಾಲೊಜನ್ ತಂತಿ ಇರೋ ಜಾಗಕ್ಕೆ. ಎಲ್‌ಇಡಿ ಚಿಪ್ ಅದೇ ಜಾಗದಲ್ಲಿ ಕೂರಲ್ಲ, ಡಿಮ್ ಹಾಕಿದ್ರೂ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ರಾತ್ರಿ ಎದುರು ಬರೋರು ಕಣ್ಣು ಮುಚ್ಚಿಕೊಂಡು ಗಾಡಿ ಓಡಿಸೋದು ನಮಗೂ ಅಪಾಯವೇ. ರಿಫ್ಲೆಕ್ಟರ್ ಒಳಗಿನ ಬೆಳ್ಳಿ ಹೋಗಿದ್ರೆ ಹೊಸ ಡೂಮ್, ಒಳ್ಳೇ ಹೋಲ್ಡರ್ ಹಾಕಿಸಿ, ವ್ಯತ್ಯಾಸ ಕಾಣುತ್ತೆ.

ಚಾರ್ಜರ್ ಹಾಕಬಹುದು. ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ವೈರಿಂದ, 2 ಆಂಪ್ ಫ್ಯೂಸ್ ಹಾಕಿ ತಗೊಳ್ಳಿ. ಬ್ಯಾಟರಿ ಬರೀ 3 ಎಎಚ್, ಸೀದಾ ಬ್ಯಾಟರಿಗೆ ಕೊಟ್ರೆ ಗಾಡಿ ನಿಂತಾಗಲೂ ಎಳೀತಾ ಇರುತ್ತೆ.

ಮೈಸೂರ್_ಟಾಪ್‌ಗೇರ್
ಸೈಲೆನ್ಸರ್ ಕೇಳದೇ ಇದ್ದಿದ್ದು ಒಳ್ಳೇದಾಯ್ತು. ಆದ್ರೂ ಓದೋ ಹುಡುಗರಿಗೆ: ಮೋಟಾರು ವಾಹನ ಕಾಯ್ದೆ 182ಎ(4) ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಬಣ್ಣ ಬದಲಿಸೋದಾದ್ರೂ ಆರ್‌ಟಿಒದಲ್ಲಿ ಆರ್‌ಸಿಗೆ ನಮೂದಿಸಬೇಕು.

ಶಿರಾಗೇಟ್_ಸವಾರ
ಎಲ್ಲರಿಗೂ ಥ್ಯಾಂಕ್ಸ್. ಹಿಂದಿನ ಚಕ್ರ ಅರ್ಧ ಸುತ್ತೂ ತಿರುಗ್ತಿರಲಿಲ್ಲ, ಬ್ರೇಕ್ ರಾಡ್ ಸಡಿಲ ಮಾಡಿದ ಮೇಲೆ ಸಲೀಸಾಯ್ತು. ಇನ್‌ಲೆಟ್ ಟ್ಯಾಪೆಟಲ್ಲಿ ಅತಿ ತೆಳು ಬ್ಲೇಡೂ ಹೋಗ್ತಿರಲಿಲ್ಲ. ಸರಿಮಾಡಿದ ಮೇಲೆ ಕಿಕ್ ಗಟ್ಟಿಯಾಗಿದೆ. ಏರ್ ಫಿಲ್ಟರ್ ಹೊಸದು. ರಿಸರ್ವ್‌ನಿಂದ ರಿಸರ್ವ್‌ಗೆ ಅಳೆದಾಗ 57 ಬಂತು. ಬೆಳಿಗ್ಗೆ ಮಾತ್ರ ಸ್ವಲ್ಪ ನೀಲಿ ಹೊಗೆ ಕಾಣ್ತು, ಮೊದಲು ಗಮನಿಸಿರಲಿಲ್ಲ.

ಪೆಟ್ರೋಲ್_ಲೆಕ್ಕ
ಹೈವೇಲಿ ಎಷ್ಟರಲ್ಲಿ ಓಡಿಸ್ತೀರ? 75–80ರಲ್ಲಾದ್ರೆ 57 ಒಳ್ಳೇ ಅಂಕಿ. 55ರಲ್ಲಿ ಓಡಿಸಿ ಮತ್ತೊಮ್ಮೆ ಅಳೀರಿ.

ರೀಬೋರ್_ರಾಜಾಜಿನಗರ
ಹಾಗಾದ್ರೆ ವಾಲ್ವ್ ಸೀಲ್. ಬೋರ್ ಬಿಡಿ, ಈಗ ಆಯಿಲ್ ಕುಡಿಯೋದು ಅಳೀರಿ. ಡಿಪ್‌ಸ್ಟಿಕ್ ಮೇಲಿನ ಗೆರೆವರೆಗೆ ತುಂಬಿ, 1000 ಕಿಮೀ ಆದ್ಮೇಲೆ ಮತ್ತೆ ಅದೇ ಗೆರೆಗೆ ತರೋಕೆ ಎಷ್ಟು ಮಿಲಿ ಹಿಡೀತು ಅಂತ ಸಿರಿಂಜಲ್ಲಿ ನೋಡಿ. 100 ಒಳಗಿದ್ರೆ ಓಡಿಸ್ತಾ ಇರಿ. 200 ದಾಟಿದ್ರೆ ಹೆಡ್ ಬಿಚ್ಚಿಸಿ, ಸೀಲ್ ಹಾಕಿಸಿ, ವಾಲ್ವ್ ಗೈಡಲ್ಲಿ ಆಟ ಇದೆಯಾ ಅಂತಲೂ ನೋಡಿಸಿ. ಗೈಡ್ ಸವೆದಿದ್ರೆ ಹೊಸ ಸೀಲ್ ಬಹಳ ದಿನ ನಿಲ್ಲಲ್ಲ.

ಶಿರಾಗೇಟ್_ಸವಾರ
ಸರಿ ಅಣ್ಣ. ಟಾಪ್‌ಅಪ್‌ಗೆ ಬೇರೆ ಕಂಪನಿ ಆಯಿಲ್ ಬೆರೆಸಿದ್ರೆ ನಡೆಯುತ್ತಾ?

ಮೈಸೂರ್_ಟಾಪ್‌ಗೇರ್
ಗ್ರೇಡೂ ಜಾಸೋ ಎಂಎ ಗುರುತೂ ಒಂದೇ ಇದ್ರೆ ಟಾಪ್‌ಅಪ್‌ಗೆ ನಡೆಯುತ್ತೆ. ಕಳೆದ ಸಲ ತಂದ 900ರ ಬಾಟಲಲ್ಲಿ ಉಳಿದಿರುತ್ತಲ್ಲ, ಮುಚ್ಚಳ ಬಿಗಿಯಾಗಿ ಹಾಕಿಟ್ಟು ಅದನ್ನೇ ಬಳಸಿ.